ಒಂದು ಕೊಡ ಒಳ್ಳೆಯದು, ಮೂರು ಕೊಡ ಚರಂಡಿಗೆ

ನನ್ನ ಷಡ್ಡಕ ನಮ್ಮ ಮನೆಗೆ ಊಟಕ್ಕೆ ಬಂದವನು ತನ್ನ ನೀರನ್ನು ತಾನೇ ತಂದಿದ್ದ. ಹೆಂಡತಿಯ ಅಕ್ಕನ ಗಂಡ ಎಂದ ಮೇಲೆ ಹೇಗೂ ಸಹಿಸಿಕೊಳ್ಳಬೇಕಾದ ಸಂಬಂಧ. ಅದರ ಮೇಲೆ ಈ ಬಾಟಲಿ. ತಟ್ಟೆಯ ಪಕ್ಕದಲ್ಲಿ ನನ್ನ ಹೆಂಡತಿ ಇಟ್ಟಿದ್ದ ಲೋಟವನ್ನು ಎರಡು ಬೆರಳಿನಿಂದ ಆಚೆ ಸರಿಸಿ, ಚೀಲದಿಂದ ಬಾಟಲಿ ತೆಗೆದು ನಿಧಾನವಾಗಿ ಮುಚ್ಚಳ ತಿರುಗಿಸಿದ.

"ತಪ್ಪು ತಿಳ್ಕೋಬೇಡಿ. ಫಿಲ್ಟರ್ ನೀರು ಅಭ್ಯಾಸ ಆಗ್ಬಿಟ್ಟಿದೆ ನೋಡಿ. ನಲ್ಲಿ ನೀರು ಈಗ ಗಂಟಲಲ್ಲಿ ಇಳಿಯೋದೇ ಇಲ್ಲ," ಅಂದ.

ಬೇರೆ ಯಾರ ಮನೆಯಲ್ಲಾದರೂ ಈ ಮಾತು ಆಡಿದ್ದರೆ ನನ್ನದೇನೂ ಅಭ್ಯಂತರವಿರಲಿಲ್ಲ. ಆದರೆ ನಾನು ನೀರು ಸರಬರಾಜು ಕಚೇರಿಯ ಗುಮಾಸ್ತ. ಪ್ರತಿ ಸೋಮವಾರ ಪ್ರಯೋಗಾಲಯದ ವರದಿ ನೋಡಿ, ಕಚೇರಿಯ ಬಾಗಿಲಲ್ಲಿರುವ ಕಪ್ಪು ಹಲಗೆಯ ಮೇಲೆ 'ಈ ವಾರದ ನೀರು ಕುಡಿಯಲು ಯೋಗ್ಯವಾಗಿದೆ' ಎಂದು ಬರೆದು ಕೆಳಗೆ ಸಹಿ ಹಾಕುವವನು ನಾನೇ. ಹತ್ತೊಂಬತ್ತು ವರ್ಷದಿಂದ ಹಾಕುತ್ತಿದ್ದೇನೆ. ಅದನ್ನು ಇದುವರೆಗೆ ಯಾರೂ ನಿಂತು ಓದಿದ್ದನ್ನು ನಾನು ಕಂಡಿಲ್ಲ. ಆದರೂ ಸಹಿ ಸಹಿಯೇ. ಆ ಸಹಿಯ ಬಲದಿಂದಲೇ ನನ್ನನ್ನು ಮುಖ್ಯ ಗುಮಾಸ್ತನನ್ನಾಗಿ ಮಾಡುವ ಪತ್ರ ಟೈಪಾಗಿ ಇಂಜಿನಿಯರ್ ಸಾಹೇಬರ ಮೇಜಿನ ಖಾನೆಯಲ್ಲಿ ಮಲಗಿತ್ತು. ಅವರೊಂದು ಗೀಟು ಎಳೆದರೆ ಆಯಿತು. ಮುಖ್ಯ ಗುಮಾಸ್ತನಿಗೆ ಗಾಲಿ ಇರುವ ಕುರ್ಚಿ ಕೊಡುತ್ತಾರೆ. ಆ ಕುರ್ಚಿಯ ಮೇಲೆ ನಾನು ಹದಿನಾಲ್ಕು ವರ್ಷದಿಂದ ಕಣ್ಣಿಟ್ಟಿದ್ದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನೆಂಟರು ಹೋದ ಮೇಲೆ ನನ್ನ ಹೆಂಡತಿ ಆ ಮುಟ್ಟದ ಲೋಟವನ್ನು ತಂದು ನನ್ನೆದುರು ಕುಕ್ಕಿದಳು.

"ನೀರಿನ ಆಫೀಸಿನವರ ಮನೇಲಿ ನೀರು ಮುಟ್ಟದೆ ಹೋದ್ರು ಭಾವ. ನಮ್ಮಕ್ಕ ಬಾಗಿಲಲ್ಲಿ ನಿಂತು ನಗ್ತಿದ್ಲು, ನೋಡಿದ್ರಾ?"

"ನಮ್ಮ ನೀರಿಗೆ ಏನಾಗಿದೆ? ನಾನೇ ಸಹಿ ಹಾಕಿದೀನಿ."

"ಹಾಗಾದ್ರೆ ಆ ಸಹೀನೇ ಲೋಟಕ್ಕೆ ಬಗ್ಗಿಸಿ ಕೊಡಿ ಮುಂದಿನ ಸಲ. ನೆಂಟರು ಕುಡೀಲಿ."

ಹೀಗೆ ಫಿಲ್ಟರ್ ತರುವುದು ನಿಶ್ಚಯವಾಯಿತು. ಆದರೆ ತರುವುದು ಹೇಗೆ? ನಮ್ಮ ಸಾಹೇಬರು ಸಭೆಗಳಲ್ಲಿ ಎಲ್ಲರೆದುರು ನಲ್ಲಿಗೇ ಬಾಯಿ ಒಡ್ಡಿ ನೀರು ಕುಡಿದು ತೋರಿಸುವ ಮನುಷ್ಯ. ಕಚೇರಿಯಲ್ಲಿ ಯಾರ ಮೇಜಿನ ಮೇಲಾದರೂ ಅಂಗಡಿಯ ನೀರಿನ ಬಾಟಲಿ ಕಂಡರೆ ಅದನ್ನು ಹೂಕುಂಡಕ್ಕೆ ಸುರಿಯುತ್ತಿದ್ದರು. ಅಂಥವರ ಕೈಕೆಳಗಿನವನ ಮನೆಗೆ ಫಿಲ್ಟರ್ ಬಂತೆಂದು ಬೀದಿಯಲ್ಲಿ ಗೊತ್ತಾದರೆ ಗಾಲಿ ಕುರ್ಚಿ ತಾನಾಗಿ ಉರುಳಿಕೊಂಡು ಬೇರೆಯವನ ಬಳಿಗೆ ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಗೆ ಹೊದಿಕೆ ಸುತ್ತಿ ತರಿಸಿದೆ. ಎದುರುಮನೆಯಲ್ಲಿ ಒಬ್ಬರಿದ್ದಾರೆ, ಬೆಳಗಿನಿಂದ ಸಂಜೆಯವರೆಗೂ ಕಿಟಕಿ ಬಿಟ್ಟು ಕದಲದ ಕಾರಣ ನಾವು ಅವರನ್ನು ಕಿಟಕಿಯಮ್ಮ ಎನ್ನುತ್ತೇವೆ. ಅವರು ಅಲ್ಲಿಂದಲೇ ಕೇಳಿದರು:

"ಏನದು ಅಷ್ಟು ದೊಡ್ಡದು?"

"ಹೊಲಿಗೆ ಮಿಷನ್ನು," ಅಂದುಬಿಟ್ಟೆ. ಬಾಯಿಗೆ ಅದೇ ಬಂತು.

ಫಿಟ್ಟರ್ ಮಾತು ಕಮ್ಮಿಯ ಮನುಷ್ಯ. ಅಡುಗೆಮನೆಯ ಗೋಡೆಗೆ ತೂತು ಕೊರೆದು, ಫಿಲ್ಟರ್ ನೇತುಹಾಕಿ, ಪೈಪುಗಳನ್ನು ಸಿಕ್ಕಿಸಿ, ಒಂದೊಂದನ್ನೇ ಬೆರಳಿನಿಂದ ತೋರಿಸಿ ಹೇಳಿದ.

"ಇದು ಮೊದಲನೇದು, ಮಣ್ಣು ಹಿಡಿಯುತ್ತೆ. ಇದು ಇದ್ದಿಲು, ವಾಸನೆ ಹಿಡಿಯುತ್ತೆ. ಇದು ಪಂಪು, ನೀರನ್ನ ಒತ್ತಿ ತಳ್ಳುತ್ತೆ. ಒಳಗೆ ಸುರುಳಿ ಸುತ್ತಿದ ಒಂದು ಪೊರೆ ಇದೆ. ಅದರ ತೂತು ಎಷ್ಟು ಸಣ್ಣದು ಅಂದ್ರೆ ನೀರು ದಾಟುತ್ತೆ, ನೀರಲ್ಲಿ ಕರಗಿರೋ ಉಪ್ಪು ದಾಟಲ್ಲ. ದಾಟಿದ್ದು ಈ ಪೈಪಲ್ಲಿ ಟ್ಯಾಂಕಿಗೆ. ಉಳಿದ ಉಪ್ಪನ್ನ ತೊಳ್ಕೊಂಡು ಹೋಗೋ ನೀರು ಈ ಪೈಪಲ್ಲಿ ಚರಂಡಿಗೆ. ಒಂದು ಕೊಡ ಒಳ್ಳೇದು, ಮೂರು ಕೊಡ ಚರಂಡಿಗೆ."

"ಎಷ್ಟು?"

"ಮೂರು."

ಅಷ್ಟು ಹೇಳಿ ಸ್ಪ್ಯಾನರ್ ಚೀಲಕ್ಕೆ ಹಾಕಿಕೊಂಡು ಹೊರಟೇಹೋದ.

ನಾನು ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ಟ್ಯಾಂಕಿನ ಪೈಪಿನಲ್ಲಿ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಚರಂಡಿಯ ಪೈಪಿನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು. ನನ್ನ ಎದೆ ಉರಿಯಿತು. ನಾನು ಲೆಕ್ಕ ಬಲ್ಲವನು. ಹಿಟ್ಟು ಜರಡಿ ಹಿಡಿದರೆ ಒಂದು ಹಿಡಿ ಹೊಟ್ಟು ಬರುತ್ತದೆ, ಉಳಿದದ್ದೆಲ್ಲ ಹಿಟ್ಟು. ಅಕ್ಕಿ ಆರಿಸಿದರೆ ಕಲ್ಲು ನಾಲ್ಕು, ಅಕ್ಕಿ ನಾಲ್ಕು ಸೇರು. ಒಂದು ಹಿಡಿ ಅಕ್ಕಿ ಇಟ್ಟುಕೊಂಡು ಮೂರು ಹಿಡಿ ಬೀದಿಗೆ ಚೆಲ್ಲುವ ಮೊರವನ್ನು ಯಾರಾದರೂ ಮಾಡುತ್ತಾರೆಯೇ? ಅವಸರದಲ್ಲಿದ್ದ ಫಿಟ್ಟರ್ ಪೈಪುಗಳನ್ನು ಅದಲುಬದಲು ಮಾಡಿದ್ದಾನೆ ಎಂದು ನನಗೆ ಹೊಳೆಯಿತು. ಇಷ್ಟು ಸ್ಪಷ್ಟವಾಗಿ ನನಗೆ ಜೀವನದಲ್ಲಿ ಯಾವುದೂ ಹೊಳೆದಿರಲಿಲ್ಲ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆ ನನ್ನಂಥವರಿಗಾಗಿಯೇ ಹುಟ್ಟಿದ್ದಿರಬೇಕು. ಎರಡೂ ಪೈಪುಗಳನ್ನು ಕಿತ್ತು, ಅದನ್ನು ಇಲ್ಲಿಗೂ ಇದನ್ನು ಅಲ್ಲಿಗೂ ಸಿಕ್ಕಿಸಿದೆ. ಅರ್ಧ ಗಂಟೆಯಲ್ಲಿ ಟ್ಯಾಂಕ್ ತುಂಬಿತು. ಚರಂಡಿಯ ಪೈಪು ಸೋತವನ ಹಾಗೆ ತೊಟ್ಟಿಕ್ಕುತ್ತಿತ್ತು. ಹೆಂಡತಿ ಬಂದು ನೋಡಿ ಕೇಳಿದಳು:

"ಇಷ್ಟು ಬೇಗ ತುಂಬ್ತಾ? ಅಕ್ಕನ ಮನೇಲಿ ಎರಡು ಗಂಟೆ ಬೇಕು."

"ಫಿಟ್ಟರ್ ಮಾಡಿದ ತಪ್ಪನ್ನ ನಾನು ಸರಿ ಮಾಡಿದೆ. ಅದಕ್ಕೆಲ್ಲ ತಲೆ ಬೇಕು."

ಅವಳು ನನ್ನನ್ನು ಮದುವೆಯಾದ ಮೇಲೆ ಎರಡನೆಯ ಸಲ ಮೆಚ್ಚುಗೆಯಿಂದ ನೋಡಿದಳು. ಮೊದಲನೆಯ ಸಲ ಯಾವುದೆಂದು ನನಗೆ ಈಗ ನೆನಪಿಲ್ಲ.

ಮುಂದಿನ ಏಳು ತಿಂಗಳು ನಮ್ಮ ಮನೆಯ ಸುವರ್ಣಯುಗ. ಬಂದವರಿಗೆಲ್ಲ, ಬಾಯಾರಿರಲಿ ಇಲ್ಲದಿರಲಿ, ಬಾಗಿಲು ಮುಚ್ಚಿ ಎರಡು ಲೋಟ ನೀರು ಕುಡಿಸಿಯೇ ಕಳಿಸುತ್ತಿದ್ದೆವು. ಅದು ಫಿಲ್ಟರ್ ನೀರೆಂದು ನೆಂಟರಿಗೆ ಮಾತ್ರ ಹೇಳುತ್ತಿದ್ದೆವು. ಷಡ್ಡಕ ಬಂದಾಗ ಹೆಂಡತಿ ಲೋಟವನ್ನು ತಟ್ಟೆಯಲ್ಲಿಟ್ಟು ತಂದಳು. ಅವನು ಒಂದು ಗುಟುಕು ಬಾಯಲ್ಲಿ ಆಡಿಸಿ ಕಣ್ಣು ಮುಚ್ಚಿದ.

"ನಿಮ್ಮದು ನಮ್ಮದಕ್ಕಿಂತ ಒಂದು ಕೈ ಮೇಲೆ. ಸಪ್ಪೆ ಅನ್ಸಲ್ಲ. ನೀರಲ್ಲಿ ಒಂದು ಸತ್ವ ಇದೆ," ಎಂದು ಒಪ್ಪಿಕೊಂಡ.

ಆ ದಿನ ನನ್ನ ಹೆಂಡತಿ ಅಕ್ಕನನ್ನು ಬೀದಿಯ ತುದಿಯವರೆಗೂ ಹೋಗಿ ಬೀಳ್ಕೊಟ್ಟು ಬಂದಳು. ಸಣ್ಣಪುಟ್ಟ ತೊಂದರೆಗಳಿದ್ದವು. ಕಾಳು ಬೇಯಲು ಮೊದಲಿಗಿಂತ ಹೊತ್ತು ಹಿಡಿಯುತ್ತಿತ್ತು. ಒಲೆಯದು ತಪ್ಪು ಅಂದೆವು. ನೀರು ಕಾಯಿಸುವ ಕೆಟಲಿನ ತಳದಲ್ಲಿ ಸುಣ್ಣದಂಥ ಬಿಳಿ ಪೊರೆ ಕಟ್ಟುತ್ತಿತ್ತು. ಕೆಟಲು ಕಳಪೆ ಅಂದೆವು. ಚರಂಡಿಯ ಪೈಪಿನ ನೀರನ್ನು ಹೆಂಡತಿ ಬಕೆಟ್ಟಿಗೆ ಹಿಡಿದು ನೆಲ ಒರೆಸುತ್ತಿದ್ದಳು. ಕಿಟಕಿಯ ಗಾಜನ್ನು ಅದರಲ್ಲೇ ತೊಳೆದರೆ ಒಂದು ಕಲೆ ಉಳಿಯುತ್ತಿರಲಿಲ್ಲ.

"ಕೊಳಕು ನೀರೇ ಇಷ್ಟು ಚೆನ್ನಾಗಿದ್ರೆ ಒಳ್ಳೇ ನೀರು ಇನ್ನೆಷ್ಟು ಚೆನ್ನಾಗಿರ್ಬೇಕು!" ಎಂದು ಅವಳು ಹೇಳಿದಾಗ ನಾನು ಗಂಭೀರವಾಗಿ ತಲೆಯಾಡಿಸಿದ್ದೆ. ಈಗ ನೆನೆಸಿಕೊಂಡರೆ ಅದೇ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಸುಖಕ್ಕೆ ಕಲ್ಲು ಹಾಕಿದ್ದು ಹೊಲಿಗೆ ಮಿಷನ್ನು. ಪಂಪಿನ ಗುರ್ ಸದ್ದು ಬೀದಿಗೆ ಕೇಳುತ್ತಿತ್ತಷ್ಟೆ. ಕಿಟಕಿಯಮ್ಮ ಒಂದು ಪರದೆಯ ಬಟ್ಟೆ ಹಿಡಿದು ಬಂದೇಬಿಟ್ಟರು. "ದಿನಾ ಹೊಲೀತಾನೇ ಇರ್ತೀಯ. ನನ್ನದೂ ಒಂದು ಅಂಚು ಹೊಡೆದುಕೊಡೇ." ಹೆಂಡತಿ ಒಳಗೆ ಕೂತು ಸೂಜಿ ದಾರದಲ್ಲಿ ಕೈಯಾರೆ ಹೊಲಿದು ಕೊಟ್ಟಳು. ಹೊಲಿಗೆ ಚೆನ್ನಾಗಿ ಬಂತು, ಅದೇ ತಪ್ಪಾಯಿತು. ದಿಂಬಿನ ಚೀಲ ಬಂತು, ಮಕ್ಕಳ ಅಂಗಿ ಬಂತು, ಬೀದಿಯ ಕೊನೆಯಲ್ಲಿರುವ ನಿವೃತ್ತ ಮೇಷ್ಟರ ಪ್ಯಾಂಟು ಸೊಂಟ ಬಿಗಿ ಮಾಡಿಸಲು ಬಂತು. ಅವಳ ಬೆರಳಿನ ತುದಿಯೆಲ್ಲ ತೂತು.

"ನಿಮ್ಮ ಕುರ್ಚಿಗೋಸ್ಕರ ಇನ್ನೂ ಎಷ್ಟು ಪ್ಯಾಂಟು ಹೊಲೀಬೇಕು ನಾನು?" ಎಂದು ಒಂದು ದಿನ ಅಳುತ್ತ ಕೇಳಿದಳು. ನನಗೆ ನಿಜಕ್ಕೂ ದುಃಖವಾಯಿತು. ಒಂದು ಅಂಗಿಗೆ ಗುಂಡಿ ಹಚ್ಚಿಕೊಟ್ಟೆ. ಅದನ್ನು ಅವಳು ಕಿತ್ತು ಮತ್ತೆ ಹಚ್ಚಬೇಕಾಯಿತು.

ಆಮೇಲೊಂದು ದಿನ ಕಿಟಕಿಯಮ್ಮ ಹಿಂದಿನ ಬಾಗಿಲಿನಿಂದ ನೇರವಾಗಿ ಅಡುಗೆಮನೆಗೆ ನುಗ್ಗಿದರು. "ಆ ಮಿಷನ್ ಒಂದ್ಸಲ ನೋಡ್ತೀನಿ, ನಮ್ಮ ಸೊಸೆಗೂ ಅದೇ ತೆಗೀಬೇಕು," ಅಂದವರು ಗೋಡೆಯ ಮೇಲೆ ಗುರ್ ಎನ್ನುತ್ತಿದ್ದ ಫಿಲ್ಟರನ್ನು ನೋಡಿದರು, ಕೈಯಲ್ಲಿ ಸೂಜಿ ಹಿಡಿದು ಕೂತಿದ್ದ ನನ್ನ ಹೆಂಡತಿಯನ್ನು ನೋಡಿದರು, ಒಂದೂ ಮಾತಾಡದೆ ಹೊರಗೆ ಹೋದರು. ಕಿಟಕಿಯಮ್ಮ ಮಾತಾಡಲಿಲ್ಲ ಎಂದರೆ ಪ್ರಳಯ ಹತ್ತಿರ ಬಂತೆಂದೇ ಅರ್ಥ.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ನೀರಿನ ಆಫೀಸಿನವನೇ ನೀರನ್ನು ಸೋಸಿ ಕುಡಿಯುತ್ತಾನೆ. ಅದೂ ಏಳು ತಿಂಗಳಿನಿಂದ, ಕದ್ದುಮುಚ್ಚಿ, ಹೊಲಿಗೆ ಮಿಷನ್ನು ಅಂತ ಸುಳ್ಳು ಹೇಳಿ! ಅಂದಮೇಲೆ ನೀರಿನಲ್ಲಿ ಏನೋ ಇದೆ. ಮೇಷ್ಟರಿಗೆ ನಾಲ್ಕು ವರ್ಷದಿಂದ ಇದ್ದ ಮಂಡಿನೋವಿಗೆ ಕಾರಣ ಸಿಕ್ಕಿತು. ಮೂಲೆಯ ಕ್ಷೌರಿಕ ಊರಿನಲ್ಲಿ ಎಲ್ಲರ ಕೂದಲು ಉದುರುತ್ತಿರುವುದನ್ನು ತಾನು ಮೊದಲೇ ಗಮನಿಸಿದ್ದಾಗಿ ಹೇಳಿದ. ಮಾರನೆಯ ದಿನ ಅಂಗಡಿಯಲ್ಲಿ ನೀರಿನ ಕ್ಯಾನು ಒಂದೂ ಉಳಿಯಲಿಲ್ಲ. ಮೂರನೆಯ ದಿನ ಮೇಷ್ಟರ ಮುಂದಾಳತ್ವದಲ್ಲಿ ಅರವತ್ತು ಜನ ಮನವಿ ಹಿಡಿದು ನಮ್ಮ ಕಚೇರಿಗೆ ಬಂದರು.

ನೀರಿನ ಬಗ್ಗೆ ಮನವಿ ತೆಗೆದುಕೊಳ್ಳುವ ಮೇಜು ನನ್ನದೇ.

"ಯಾರ ಮೇಲೆ ದೂರು?" ನಿಯಮದಂತೆ ಕೇಳಿದೆ.

"ನಿಮ್ಮ ಮೇಲೆ," ಅಂದರು ಮೇಷ್ಟರು. ನನ್ನ ಹೆಂಡತಿ ಸೊಂಟ ಬಿಗಿ ಮಾಡಿಕೊಟ್ಟ ಪ್ಯಾಂಟನ್ನೇ ಹಾಕಿಕೊಂಡು ಬಂದಿದ್ದರು. "ಮೊದಲು ಮೊಹರು ಒತ್ತಿ. ಆಮೇಲೆ ಓದ್ಕೊಳ್ಳಿ."

ನನ್ನ ವಿರುದ್ಧದ ಮನವಿಗೆ ನಾನೇ ಮೊಹರು ಒತ್ತಿ, ಸಂಖ್ಯೆ ಬರೆದು, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಕೊಟ್ಟೆ. ಮೊಹರು ತಪ್ಪಿ ಎರಡು ಸಲ ಬಿತ್ತು. ಅದನ್ನೂ ಒಬ್ಬ ಎತ್ತಿ ತೋರಿಸಿ, "ನೋಡಿ, ಗಾಬರಿಯಾಗಿದ್ದಾನೆ," ಅಂದ.

ಸಾಹೇಬರು ಕರೆಸಿದರು. ಖಾನೆ ತೆಗೆದು ನನ್ನ ಬಡ್ತಿಯ ಪತ್ರವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಗಾಜಿನ ಗುಂಡು ಇಟ್ಟರು.

"ಏನ್ರೀ ಇದು? ನೀರು ಕೆಟ್ಟದಾಗಿದ್ರೆ ಹತ್ತೊಂಬತ್ತು ವರ್ಷ ಸುಳ್ಳು ಸಹಿ ಹಾಕಿದೀರಿ. ಚೆನ್ನಾಗಿದ್ರೆ ಇಲಾಖೆ ಮುಖಕ್ಕೆ ಮಸಿ ಬಳಿದಿದೀರಿ. ಎರಡರಲ್ಲಿ ಯಾವುದು? ನೀವೇ ಹೇಳಿ."

ಅತ್ತ ದರಿ, ಇತ್ತ ಪುಲಿ. "ಷಡ್ಡಕ ಬಾಟಲಿ ತಂದಿದ್ದ ಸಾರ್," ಅಂದೆ. ನಿಜ ಹೇಳಿದರೂ ಅದು ಉತ್ತರದ ಹಾಗೆ ಕೇಳಲಿಲ್ಲ.

"ನಾಳೆ ಬೆಳಗ್ಗೆ ನಿಮ್ಮ ಮನೆ ಮುಂದೆ, ಬೀದಿಯವರ ಎದುರಿಗೇ ಪರೀಕ್ಷೆ. ನಲ್ಲಿ ನೀರು ಒಂದು ಲೋಟ, ನಿಮ್ಮ ಫಿಲ್ಟರ್ ನೀರು ಒಂದು ಲೋಟ. ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ ಅಂತಾದ್ರೆ ನೀವು ಬರೀ ದಡ್ಡರು, ನಾನು ಮರೆತುಬಿಡ್ತೀನಿ, ಈ ಪತ್ರಕ್ಕೆ ಸಹಿ ಹಾಕ್ತೀನಿ. ಫಿಲ್ಟರ್ ನೀರೇ ಗೆದ್ರೆ ನಾಡಿದ್ದು ಕೆಲಸಕ್ಕೆ ಬರಬೇಡಿ."

ಮನೆಗೆ ಬಂದು ಗೋಡೆಯ ಮೇಲಿನ ಫಿಲ್ಟರಿಗೆ ಕೈ ಮುಗಿದೆ. ಸ್ವಂತ ಫಿಲ್ಟರ್ ಕೆಡಲಿ ಎಂದು ಬೇಡಿಕೊಂಡ ಮೊದಲ ಗೃಹಸ್ಥ ನಾನೇ ಇರಬೇಕು. ಅದು ಗುರ್ ಎಂದಿತು. ನಾನು ಉಳಿದರೆ ಹೆಂಡತಿಯ ಮಾನ ಹೋಗುತ್ತದೆ, ಅವಳ ಮಾನ ಉಳಿದರೆ ನನ್ನ ಅನ್ನ ಹೋಗುತ್ತದೆ. ಅವಳೋ ಫಿಲ್ಟರಿನ ಮೈಯನ್ನೆಲ್ಲ ಒರೆಸಿ ಹೊಳೆಯುವಂತೆ ಮಾಡುತ್ತಿದ್ದಳು. ಅಕ್ಕನಿಗೂ ಭಾವನಿಗೂ ಹೇಳಿ ಕಳಿಸಿದ್ದಳು.

ಬೆಳಗ್ಗೆ ಮನೆಯ ಮುಂದೆ ಮೇಜು ಹಾಕಿದರು. ಬೀದಿಯೆಲ್ಲ ನೆರೆದಿತ್ತು. ಕಿಟಕಿಯಮ್ಮ ಕಿಟಕಿ ಬಿಟ್ಟು ಕುರ್ಚಿ ತಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಷಡ್ಡಕ ಬಂದಿದ್ದ, ಕೈಯಲ್ಲಿ ಬಾಟಲಿ. ಸಾಕ್ಷಿಗಿರಲಿ ಎಂದು ಸಾಹೇಬರು ಫಿಟ್ಟರನ್ನೂ ಕರೆಸಿದ್ದರು. ನನಗೆ ವಾರದ ವರದಿ ಕಳಿಸುವ ಪ್ರಯೋಗಾಲಯದಮ್ಮ ಪೆನ್ನಿನಂಥ ಒಂದು ಮೀಟರ್ ತೆಗೆದರು.

"ಇದು ನೀರಲ್ಲಿ ಕರಗಿರೋ ಉಪ್ಪಿನಂಶ ಹೇಳುತ್ತೆ. ಅಂಕಿ ಕಮ್ಮಿ ಇದ್ದಷ್ಟೂ ಫಿಲ್ಟರ್ ಚೆನ್ನಾಗಿ ಕೆಲಸ ಮಾಡಿದೆ ಅಂತ," ಎಂದು ವಿವರಿಸಿ, ನಲ್ಲಿ ನೀರಿನಲ್ಲಿ ಅದ್ದಿದರು. "ಮುನ್ನೂರು."

ಹೆಂಡತಿ ಫಿಲ್ಟರಿನ ಲೋಟವನ್ನು ಎರಡೂ ಕೈಯಲ್ಲಿ ತಂದಿಟ್ಟಳು. ನಾನು ಕಣ್ಣು ಮುಚ್ಚಿದೆ.

"ಮುನ್ನೂರ ತೊಂಬತ್ತೈದು."

ಯಾರಿಗೂ ಅರ್ಥವಾಗಲಿಲ್ಲ. ಪ್ರಯೋಗಾಲಯದಮ್ಮ ಮೀಟರ್ ಒರೆಸಿ ಮತ್ತೆ ಅದ್ದಿದರು. ಮುನ್ನೂರ ತೊಂಬತ್ತೈದೇ. ದೇವರು ನನ್ನ ಮೊರೆ ಕೇಳಿದ್ದ. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದ. ಸಾಹೇಬರು ಮೇಜಿನ ಮೇಲೆ ಗುದ್ದಿದರು.

"ನೋಡಿದ್ರಾ! ಫಿಲ್ಟರ್ ನೀರಿಗಿಂತ ನಮ್ಮ ನಲ್ಲಿ ನೀರೇ ವಾಸಿ! ಇನ್ನೇನು ಬೇಕು ನಿಮಗೆ?"

ಜನ ಚಪ್ಪಾಳೆ ತಟ್ಟಿದರು. ಮೇಷ್ಟರು ಮಂಡಿ ಮುಟ್ಟಿ ನೋಡಿಕೊಂಡು, ನೋವು ಸ್ವಲ್ಪ ಕಮ್ಮಿ ಅನ್ನಿಸುತ್ತಿದೆ ಅಂದರು. ಸಾಹೇಬರು ಜೇಬಿನಿಂದ ನನ್ನ ಪತ್ರ ತೆಗೆದರು, ಪೆನ್ನು ತೆಗೆದರು, ಮುಚ್ಚಳವನ್ನೂ ತೆಗೆದರು. ಗಾಲಿಗಳ ಸದ್ದು ನನ್ನ ಕಿವಿಗೆ ಕೇಳಿಸಿತು.

ಆಗ ನನ್ನ ಹೆಂಡತಿ, ಅವಮಾನ ತಾಳಲಾರದೆ, ಒಳಗೆ ಓಡಿಹೋಗಿ ನೆಲ ಒರೆಸುವ ಬಕೆಟ್ಟನ್ನು ಎತ್ತಿಕೊಂಡು ಬಂದಳು.

"ನಿಮ್ಮ ಮೀಟರೇ ಕೆಟ್ಟಿದೆ! ಇದು ಚರಂಡಿಗೆ ಹೋಗೋ ನೀರು, ಇದನ್ನೂ ಅಳೀರಿ. ಸಾವಿರ ತೋರಿಸ್ದೆ ಇದ್ರೆ ಕೇಳಿ!"

ಪ್ರಯೋಗಾಲಯದಮ್ಮ ಅದ್ದಿದರು. ಬಹಳ ಹೊತ್ತು ನೋಡಿದರು.

"ಹದಿನೆಂಟು," ಅಂದರು. "ಅಮ್ಮಾ, ನೀವು ನೆಲಕ್ಕೆ ಹಾಕಿರೋದು ಕುಡಿಯೋ ನೀರು. ಕುಡಿದಿರೋದು ಉಪ್ಪು ತೊಳೆದ ನೀರು. ಹೆದರ್ಬೇಡಿ, ನಿಮಗೇನೂ ಆಗಲ್ಲ. ಆದ್ರೆ ಪೈಪು ಅದಲುಬದಲಾಗಿದೆ."

ಎಲ್ಲರೂ ಫಿಟ್ಟರನ್ನು ನೋಡಿದರು. ಅವನು ಒಳಗೆ ಹೋಗಿ ನೋಡಿ ಬಂದ.

"ನಾನು ಸರಿಯಾಗೇ ಹಾಕಿದ್ದೆ. ಯಾರೋ ಕಿತ್ತು ಬದಲಾಯ್ಸಿದಾರೆ," ಅಂದ. ಯಾರು ಎಂದು ಅವನು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು, "ಮೂರು ಕೊಡ ಚರಂಡಿಗೆ ಅಂದ್ರೆ ಯಾರು ನಂಬ್ತಾರೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟೆ.

ಏಳು ತಿಂಗಳಲ್ಲಿ ನಮ್ಮ ಮನೆಗೆ ಬಂದು ಎರಡೆರಡು ಲೋಟ ಕುಡಿದವರೆಲ್ಲ ಲೆಕ್ಕ ಹಾಕತೊಡಗಿದರು. ಷಡ್ಡಕ ಗಂಟಲು ಸವರಿಕೊಂಡ. "ಸತ್ವ ಇದೆ ಅಂದಿದ್ದೆ ನಾನು," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಅವನ ಹೆಂಡತಿ ನಗು ತಡೆಯಲಾರದೆ ಕಾಂಪೌಂಡಿಗೆ ಒರಗಿದಳು. ನನ್ನ ಹೆಂಡತಿ ಮಾತ್ರ ಬಕೆಟ್ಟಿನ ಹಿಡಿ ಬಿಡದೆ ನನ್ನನ್ನೇ ನೋಡುತ್ತ ನಿಂತಿದ್ದಳು. ಅವಳ ಬೆರಳುಗಳಲ್ಲಿ ಸೂಜಿಯ ಗಾಯಗಳಿದ್ದವು.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಕೋಪ ಮಾಡಿಕೊಂಡಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಅವರು ಬಹಳ ಮೃದುವಾಗಿ ಮಾತಾಡಿದರು.

"ನೋಡ್ರೀ, ನೀರು ಒಳ್ಳೇದು ಅಂತ ನೀವು ಸಹಿ ಹಾಕ್ತೀರಿ. ಯಾವುದು ಕುಡಿಯೋ ಪೈಪು, ಯಾವುದು ಚರಂಡಿ ಪೈಪು ಅಂತ ಗೊತ್ತಿಲ್ಲದೋರ ಸಹೀನ ನಾಳೆಯಿಂದ ಯಾರು ನಂಬ್ತಾರೆ?"

ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಮೂರು ದಿನಕ್ಕೆ ಬೇರೆ ಪತ್ರ ಬಂತು, ಒಳಚರಂಡಿ ವಿಭಾಗಕ್ಕೆ ವರ್ಗ. ಏಳು ತಿಂಗಳು ಅಲ್ಲಿಗೆ ಅಷ್ಟು ಒಳ್ಳೆಯ ನೀರು ಕಳಿಸಿದವನಿಗೆ ಅಲ್ಲಿನವರ ಋಣ ಇರುತ್ತದೆ ಎಂದು ಕಚೇರಿಯಲ್ಲಿ ಆಡಿಕೊಂಡರಂತೆ. ಅಲ್ಲಿನ ಕುರ್ಚಿಗೆ ಗಾಲಿ ಹಾಗಿರಲಿ, ಒಂದು ಕಾಲು ಗಿಡ್ಡ. ಸೋಮವಾರ ಹಳೆಯ ಕಚೇರಿಯ ಮುಂದೆ ಹಾದು ಹೋಗುವಾಗ ನೋಡಿದೆ. ಹಲಗೆಯ ಮೇಲೆ ಬೇರೆ ಯಾರದೋ ಅಕ್ಷರ, ಬೇರೆ ಯಾರದೋ ಸಹಿ. ಅದರ ಮುಂದೆ ಹತ್ತು ಹನ್ನೆರಡು ಜನ ನಿಂತು ಓದುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ನನಗೆ ಒಬ್ಬನೂ ಸಿಕ್ಕಿರಲಿಲ್ಲ.

ಫಿಟ್ಟರ್ ಪೈಪುಗಳನ್ನು ಸರಿಮಾಡಿ ಹೋಗಿದ್ದಾನೆ. ಈಗ ನಮ್ಮ ಮನೆಯಲ್ಲೂ ನೀರು ಹನಿಹನಿಯಾಗಿಯೇ ಬರುತ್ತದೆ. ಷಡ್ಡಕ ಊಟಕ್ಕೆ ಬರುವಾಗ ಈಗಲೂ ಬಾಟಲಿ ತರುತ್ತಾನೆ, ಒಂದರ ಬದಲು ಎರಡು. ಎರಡನೆಯದು ನಮಗಂತೆ. ನನ್ನ ಹೆಂಡತಿ ಬೇಡ ಎನ್ನುವುದಿಲ್ಲ.

ಒಳಚರಂಡಿ ವಿಭಾಗದಿಂದ ಮೊದಲ ದಿನ ಮನೆಗೆ ಬಂದಾಗ ನನಗೆ ವಿಪರೀತ ಬಾಯಾರಿಕೆ. ಹೆಂಡತಿ ಅಡುಗೆಮನೆಯಿಂದ ಒಂದು ಲೋಟ ತಂದು ಮುಂದೆ ಇಟ್ಟಳು. ಆ ಘಟನೆಯಾದ ಮೇಲೆ ಅವಳು ನನ್ನ ಹತ್ತಿರ ಮಾತಾಡಿದ್ದೇ ಕಮ್ಮಿ. ನಾನು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದೆ.

"ಇದು ಎಲ್ಲಿಂದು? ಫಿಲ್ಟರಿಂದಾ, ನಲ್ಲೀದಾ, ಬಕೆಟ್ಟಿಂದಾ?"

ಅವಳು ಹರಿದ ದಿಂಬಿನ ಚೀಲವೊಂದನ್ನು ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕುಡೀರಿ. ನಿಮಗೆ ಹೇಗೂ ಗೊತ್ತಾಗಲ್ಲ."

ಕುಡಿದೆ. ಗೊತ್ತಾಗಲಿಲ್ಲ.